ಕಾಕಾನ ಹಳೇ ಮಷೀನು, ಕಾಕೂನ ಹೊಸ ಮಷೀನು

ಬೇವಿನ ಕಟ್ಟಿಗೆ ಕಹಿ ಅನ್ನುವವರು ನಮ್ಮ ಕಾಕಾನನ್ನು ಮಾತಾಡಿಸಿ ನೋಡಿಲ್ಲ! ನೇಸರಗಿಯಲ್ಲಿ ಅವರದು ಕಟ್ಟಿಗೆ ಅಡ್ಡೆ. ಮದುವೆಮನೆಯವರು, ಖಾನಾವಳಿಯವರು, ಬೇಕರಿಯವರು ಎಲ್ಲ ಅಲ್ಲಿಗೇ ಬರಬೇಕು. ಕಟ್ಟಿಗೆಯ ಜೊತೆ ಬೈಗುಳ ಪುಕ್ಕಟೆ.

ಅವರ ಲೋಕದಲ್ಲಿ ಎರಡೇ ಜಾತಿ: ಹಳೇ ಮಾಡೆಲ್, ಹೊಸಾ ಮಾಡೆಲ್. ಹಳೆಯದೆಂದರೆ ಅವರ ಡೀಸೆಲ್ ಗರಗಸದ ಮಷೀನು. ಚಾಲೂ ಮಾಡಿದರೆ ಬಸ್ ಸ್ಟ್ಯಾಂಡಿನಲ್ಲಿ ಮಲಗಿದ್ದ ನಾಯಿಗಳೆಲ್ಲ ಎದ್ದು ಕೂರುತ್ತಿದ್ದವು. ಹೊಸದೆಂದರೆ ಅದಾದ ಮೇಲೆ ಹುಟ್ಟಿದ್ದೆಲ್ಲ, ನನ್ನ ಗಂಡನೂ ಸೇರಿ! ಮದುವೆಯಾದ ಹೊಸತರಲ್ಲಿ ಇವರನ್ನು ಕರೆದುಕೊಂಡು ಹೋಗಿದ್ದೆ. ಕಾಕಾ ಮೇಲಿಂದ ಕೆಳಗಿನತನಕ ನೋಡಿ, "ಹೊಸಾ ಮಾಡೆಲ್ ಏನವಾ? ಆವಾಜ ಇಲ್ಲ. ಕೆಲಸಾನೂ ಇರಾಂಗಿಲ್ಲ ಬಿಡು," ಅಂದರು. ಇವರು ಇವತ್ತಿಗೂ ನೇಸರಗಿ ಬಂತೆಂದರೆ ಬಸ್ಸಿನಲ್ಲಿ ನಿದ್ದೆ ಬಂದವರಂತೆ ಕಣ್ಣು ಮುಚ್ಚುತ್ತಾರೆ.

ಆ ಹಳೇ ಮಷೀನೇ ಕಾಕಾನ ಬಲಗೈ ಬೆರಳುಗಳನ್ನು ತಿಂದದ್ದು. ಹೆಬ್ಬೆರಳೊಂದೇ ಉಳಿಯಿತು. ಬೇರೆಯವರಾಗಿದ್ದರೆ ಅದಕ್ಕೆ ಶಾಪ ಹಾಕುತ್ತಿದ್ದರು. ಕಾಕಾ? ಮನೋಳಿಯ ಖಾನಾವಳಿಯವರೊಬ್ಬರು ಬಂದು, "ಗರಗಸಾ ಇನ್ನೂ ಛಲೋ ಕೊಯ್ತೈತೇನ್ರಿ?" ಎಂದು ಕೇಳಿದಾಗ ಆ ಮೊಂಡು ಕೈಯನ್ನು ಅವರ ಮೂಗಿನ ಹತ್ತಿರ ಹಿಡಿದು, "ನೀವ ನೋಡ್ರಿ. ಒಂದ ಏಟಿಗೆ! ಎಷ್ಟ ನುಣ್ಣಗ ಕೊಯ್ದೈತಿ!" ಅಂದರು. ಪಾಪ, ಅವರು ಚಹಾ ಅರ್ಧಕ್ಕೇ ಬಿಟ್ಟು ಎದ್ದರು.

ಬೆರಳು ಹೋದ ಮೇಲೂ ಕಾಕಾ ಮೊಣಕೈಯಿಂದ ದಿಮ್ಮಿ ನೂಕುತ್ತ ಅದೇ ಗರಗಸದ ಮುಂದೆ ನಿಲ್ಲುತ್ತಿದ್ದರು. ನೋಡಿ ನೋಡಿ ಸಾಕಾದ ಅವರ ಹೆಂಡತಿ, ನಮ್ಮ ಕಾಕೂ, ಕಾಕಾ ಸವದತ್ತಿಗೆ ಹೋದ ದಿನ ಅದನ್ನು ಗುಜರಿಯವನ ಗಾಡಿಗೆ ಹೇರಿಸಿ, ಕಟ್ಟಿಗೆ ಸೀಳುವ ಕರೆಂಟಿನ ಹೊಸ ಮಷೀನು ತರಿಸಿ ನಿಲ್ಲಿಸಿಬಿಟ್ಟರು!

ಹೊಸದರಲ್ಲಿ ತಿರುಗುವ ಹಲ್ಲೇ ಇಲ್ಲ. ಕೊರಡು ಇಟ್ಟು, ಎರಡು ಹಿಡಿಕೆಗಳನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ಒತ್ತಿದರೆ ಮಾತ್ರ ಅಲಗು ಮುಂದೆ ಬರುತ್ತದೆ. ಒಂದನ್ನು ಬಿಟ್ಟರೂ ನಿಲ್ಲುತ್ತದೆ. ಕೈ ಅಲಗಿನ ಹತ್ತಿರ ಹೋಗಲೇಬಾರದೆಂದು ಈ ಏರ್ಪಾಡು.

ಕಾಕಾ ಕಾಕೂನ ಜೊತೆ ಮಾತು ಬಿಟ್ಟರು. ಬಂದವರಿಗೆಲ್ಲ, "ಇದು ಮಷೀನ ಅಲ್ರಿ, ಮದಲಗಿತ್ತಿ! ಎರಡೂ ಕೈ ಹಿಡೀಬೇಕಂತ!" ಅನ್ನುತ್ತಿದ್ದರು. ಆಳುಗಳು ಕಟ್ಟಿಗೆ ಸೀಳುತ್ತಿದ್ದರು, ಕಾಕಾ ಕಟ್ಟೆಯ ಮೇಲೆ ಕೂತು ಮಾತಿನಲ್ಲೇ ಅವರನ್ನು ಸೀಳುತ್ತಿದ್ದರು.

ಹೋದ ಸಲ ನಾನು ಹೋದಾಗ ಆಳುಗಳು ಊಟಕ್ಕೆ ಹೋಗಿದ್ದರು. ಕಾಕಾ ಬಲಗಡೆಯ ಹಿಡಿಕೆ ಒತ್ತಿದಂತೆಯೇ ಇರಲೆಂದು ಅದನ್ನು ಟಾವೆಲಿನಿಂದ ಬಿಗಿದು ಕಟ್ಟಿ, ಎಡಗೈಯನ್ನು ಇನ್ನೊಂದಕ್ಕೆ ಹಾಕಿದ್ದರು. ಒಳಗಿಂದ ಕಾಕೂ ಓಡಿಬಂದು ಗಂಟು ಬಿಚ್ಚಿದರು.

"ಉಳದ ಕೈನೂ ಕೊಡಾವ್ರೇನ ನೀವು?"

"ಕೈ ಇದ್ದಾವ್ರ ಕೈ ಕಾಯಾಕ ಮಾಡ್ಯಾರ ಇದನ್ನ," ಅಂದರು ಕಾಕಾ. "ನನ್ನಂಥಾಂವ ಏನ ಮಾಡಬೇಕ? ಕುಂತ ಸಾಯಬೇಕ?"

ಊರಿಗೆಲ್ಲ ತೋರಿಸಿ ನಗಿಸಿದ ಕೈಯನ್ನು ಅವರು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡದ್ದನ್ನು ನಾನು ನೋಡಿದ್ದು ಅದೇ ಮೊದಲು.

ಕಾಕೂ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಅವರ ಬಲಕ್ಕೆ ಬಂದು ನಿಂತು, ಆ ಕಡೆಯ ಹಿಡಿಕೆಯನ್ನು ತಾವೇ ಹಿಡಿದರು.

"ಹೂಂ, ಒತ್ತರಿ."

ಕಾಕಾ ಎಡಗೈಯಿಂದ ತಮ್ಮ ಹಿಡಿಕೆಯನ್ನು ಒತ್ತಿದರು. ಜಾಲಿಯ ಕೊರಡು ಚರಕ್ಕನೆ ಸೀಳಿಹೋಯಿತು.

"ಇನ್ನಷ್ಟ ಹಿಂದಕ್ಕ ಸರದ ನಿಂದರ," ಅಂದರು ಕಾಕಾ, ಮೆಲ್ಲಗೆ. "ಚೆಕ್ಕಿ ಕಣ್ಣಿಗೆ ಸಿಡದೀತು."