ಚಿಂತಾಕಿಯ ಕಲ್ಲಿಗೆ ಒಂದು ಮೋಟಾರು

ಬೀದರ ಜಿಲ್ಲೆಯ ಹಿರಿಯರ ಮೇಲೆ ನನ್ನದೊಂದು ನೇರ ಆಪಾದನೆಯಿದೆ. ಇವರು ಮಾತು ಕೊಡುತ್ತಾರೆ, ಕಾಗದ ಕೊಡುವುದಿಲ್ಲ. ಇವರ ಈ ದುರಭ್ಯಾಸದ ಫಲವಾಗಿ ಕಳೆದ ತಿಂಗಳು ವಿದ್ಯಾವಂತನೂ ನಿರಪರಾಧಿಯೂ ಆದ ಒಬ್ಬ ನಾಗರಿಕನು ಭಾಲ್ಕಿಯ ರೈಲು ನಿಲ್ದಾಣದಲ್ಲಿ ಕೈಯಲ್ಲೊಂದು ಹೂವಿನ ಹಾರ, ಜೇಬಿನಲ್ಲೊಂದು ನಾಲ್ಕು ಪುಟದ ಭಾಷಣ ಇಟ್ಟುಕೊಂಡು ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ಕುಳಿತಿರಬೇಕಾಯಿತು. ಇದಕ್ಕೆ ಹೊಣೆ ಯಾರೆಂದು ಬಹಿರಂಗವಾಗಿ ಕೇಳುವ ಹಕ್ಕು ನನಗಿದೆ. ಆ ನಾಗರಿಕ ನಾನೇ ಎಂಬ ಕಾರಣಕ್ಕೆ ಆಪಾದನೆಯ ತೂಕ ಕಡಿಮೆಯಾಗಬಾರದು.

ವಿಷಯ ನನ್ನ ಸೋದರತ್ತೆ ಕಾಶೀಬಾಯಿಯವರದು. ಅವರ ಯಜಮಾನರು ಮಾಣಿಕಪ್ಪ ಮಾಸ್ತರರು ಔರಾದ ತಾಲ್ಲೂಕಿನ ಚಿಂತಾಕಿಯಲ್ಲಿ ಇಪ್ಪತ್ತು ವರ್ಷ ಮಕ್ಕಳಿಗೆ ಅಕ್ಷರ ಕಲಿಸಿದವರು. ಶಾಲೆಗೆ ಕಟ್ಟಡವಿರಲಿಲ್ಲ, ಅವರ ಮನೆಯ ಅಂಗಳವೇ ಶಾಲೆ. ಕರಿಹಲಗೆಯೂ ಇರಲಿಲ್ಲ; ಬೇವಿನ ಮರಕ್ಕೆ ಒರಗಿಸಿದ ಒಂದು ಕರಿಯ ಚಪ್ಪಡಿಕಲ್ಲೇ ಹಲಗೆ. ಊರಿಗೆ ಕಾಲರಾ ಬಂದ ವರ್ಷ ಮಾಸ್ತರರು ಪಾಠ ನಿಲ್ಲಿಸಿ, ಮನೆಮನೆಗೆ ಹೋಗಿ ನೀರು ಕಾಯಿಸಿ ಕುಡಿಸುತ್ತ ತಿರುಗಿದರು. ಕೊನೆಗೆ ತಾವೇ ಹಾಸಿಗೆ ಹಿಡಿದು ತೀರಿಕೊಂಡರು. ಅತ್ತೆ ತಮ್ಮ ಮಗಳು-ಅಳಿಯನ ಜೊತೆ ಆಫ್ರಿಕಾದ ಜಂಜಿಬಾರಕ್ಕೆ ಹೊರಟುಹೋದರು. ಅವರು ಹೋದ ಮೇಲೆ ಊರವರು ಅದೇ ಚಪ್ಪಡಿಯನ್ನು ಊರ ಮುಂದೆ ನೆಟ್ಟು, ಮಾಸ್ತರರ ಹೆಸರು ಕೆತ್ತಿಸಿದರು. ಅತ್ತೆ ಆ ಕಲ್ಲನ್ನು ನೋಡಿರಲಿಲ್ಲ. ಆರು ವರ್ಷದಿಂದ ಸಮುದ್ರದಾಚೆಯಿಂದ ಬಂದ ಪ್ರತಿಯೊಂದು ಪತ್ರದ ಕೊನೆಯಲ್ಲೂ ಒಂದೇ ಸಾಲು ಇರುತ್ತಿತ್ತು: ‘ಕಲ್ಲು ಹ್ಯಾಂಗದ? ಬಿಸಿಲಿಗಿ ಸೀಳಿಲ್ಲ ಹೌದಲ್ಲೋ?’

ಈ ಸಲ ಪತ್ರದಲ್ಲಿ ಹೊಸ ಸುದ್ದಿಯಿತ್ತು. ಹಡಗಿನಲ್ಲಿ ಮುಂಬಯಿಗೆ ಬರುತ್ತಾರೆ. ಅದೇ ಹಡಗು ಸರಕು ಇಳಿಸಿ, ತುಂಬಿಕೊಂಡು ಹೊರಡುವಾಗ ಅದರಲ್ಲೇ ಹಿಂತಿರುಗುತ್ತಾರೆ. ಅಲ್ಲಿ ಮಗಳಿಗೆ ದಿನ ತುಂಬುತ್ತಿತ್ತು, ಬಾಣಂತನಕ್ಕೆ ಬೇರೆ ಯಾರೂ ಇರಲಿಲ್ಲ. ರೈಲಿನ ಪ್ರಯಾಣ ಕಳೆದರೆ ನಮ್ಮ ಸೀಮೆಯಲ್ಲಿ ಅವರಿಗೆ ಸಿಗುವುದು ಒಂದೇ ಒಂದು ಹಗಲು. ಬೆಳಗಿನ ರೈಲಿಗೆ ಇಳಿದು, ಕಲ್ಲು ನೋಡಿ, ಸಂಜೆಯ ರೈಲು ಹಿಡಿಯಬೇಕು. ತಪ್ಪಿದರೆ ಹಡಗು ತಪ್ಪುತ್ತದೆ. ‘ಏನರೆ ಮಾಡಿ ಒಂದ್ಸಲ ತೋರಿಸಪ್ಪಾ’ ಎಂದು ಬರೆದಿದ್ದರು.

ನಮ್ಮಪ್ಪ ಈ ಪತ್ರ ಓದಿ ಕಣ್ಣೊರೆಸಿಕೊಂಡರು. ನಾನು ಓದಿ ಯೋಜನೆ ಹಾಕಿದೆ. ವಿಶ್ವವಿದ್ಯಾಲಯದ ಶಿಕ್ಷಣಕ್ಕೂ ಶಿಕ್ಷಣವಿಲ್ಲದ್ದಕ್ಕೂ ಇರುವ ವ್ಯತ್ಯಾಸ ಇದೇ ಎಂದು ಆಗ ನನಗೆ ಅನ್ನಿಸಿತ್ತು. ದೊಡ್ಡ ಹಾಳೆಯ ಮೇಲೆ ‘ಮುಂಬಯಿ ಬಂದರಿನಿಂದ ಚಿಂತಾಕಿಯ ಕಲ್ಲಿನವರೆಗೆ’ ಎಂದು ಶೀರ್ಷಿಕೆ ಕೊಟ್ಟು ಐದು ಅಂಕಣ ಎಳೆದೆ. ಬಂದರಿನಿಂದ ಮನಮಾಡ, ಮನಮಾಡದಿಂದ ಪರಳಿ, ಪರಳಿಯಿಂದ ಭಾಲ್ಕಿ: ಇಷ್ಟು ಭಾಗ ಮುಂಬಯಿಯ ಬಂಧುವೊಬ್ಬರ ಜವಾಬ್ದಾರಿ. ಅದೆಲ್ಲ ಒಂದು ಕೂದಲೂ ಕೊಂಕದಂತೆ ನಡೆಯಿತು. ಅದರಲ್ಲಿ ನನ್ನ ಕೈ ಇರಲಿಲ್ಲ. ಭಾಲ್ಕಿಯಿಂದ ಕಲ್ಲಿನವರೆಗಿನ ಮೋಟಾರು ನನ್ನ ಜವಾಬ್ದಾರಿ. ಒಂದೆರಡು ನಿಲ್ದಾಣ ಮೊದಲೇ ಇಳಿಸಿದರೆ ದಾರಿ ಹತ್ತಿರವಾಗುತ್ತದೆ ಎಂದು ಅಪ್ಪ ಹೇಳಿದ್ದರು. ಭಾಲ್ಕಿಯಲ್ಲಿ ತಂತಿ ಕಚೇರಿಯಿದೆ, ಆಪತ್ತಿನಲ್ಲಿ ಉಪಯೋಗಕ್ಕೆ ಬರುತ್ತದೆ ಎಂದು ನಾನೇ ಹಟ ಹಿಡಿದು ಭಾಲ್ಕಿಯನ್ನು ಆರಿಸಿದೆ. ಆ ತಂತಿ ಕಚೇರಿ ಹೇಗೆ ಉಪಯೋಗಕ್ಕೆ ಬಂತೆಂಬುದನ್ನು ಮುಚ್ಚಿಡದೆ ಹೇಳುತ್ತೇನೆ.

ನಮ್ಮ ಬೀದರದಲ್ಲಿ ಬಾಡಿಗೆಗೆ ನಂಬಬಹುದಾದ ಮೋಟಾರು ಮಹಮೂದ್ ಮಿಯಾ ಅವರದು. ಅವರೂ ಮೋಟಾರೂ ಹೆಚ್ಚುಕಡಿಮೆ ಒಂದೇ ವಯಸ್ಸಿನವರಂತೆ ಕಾಣುತ್ತಾರೆ. ಬೆಳಿಗ್ಗೆ ಎದ್ದಾಗ ಇಬ್ಬರಿಗೂ ಕೆಮ್ಮು. ನಾನು ಹನ್ನೊಂದು ಕಲಮುಗಳ ಒಂದು ಕರಾರುಪತ್ರ ಬರೆದುಕೊಂಡು ಹೋಗಿ, ಅವರ ಮುಂದೆ ನಿಂತು ಗಟ್ಟಿಯಾಗಿ ಓದಿದೆ. ವಾಹನವು ನಿಲ್ದಾಣದ ಮುಂಬಾಗಿಲಿನಲ್ಲಿ ನಿಲ್ಲತಕ್ಕದ್ದು, ವಿಳಂಬಕ್ಕೆ ಚಾಲಕನೇ ಹೊಣೆಗಾರನು, ಇತ್ಯಾದಿ. ಅವರು ಮೋಟಾರಿನ ಮೂತಿಯ ಮೇಲೆ ಕೈಯಿಟ್ಟುಕೊಂಡು ಹನ್ನೊಂದನ್ನೂ ತಾಳ್ಮೆಯಿಂದ ಕೇಳಿದರು. ಆಮೇಲೆ ಒಂದೇ ಪ್ರಶ್ನೆ ಕೇಳಿದರು.

“ಮಾಸ್ತರ ಸಾಬರ ಮನಿಯವರು ಬರ್ಲತ್ತಾರ?”

“ಹೌದ್ರಿ. ಇಲ್ಲಿ ಸಹಿ ಮಾಡಬೇಕು.”

“ಆಗ್ತದ ಬಿಡ್ರಿ.”

“ಆಗ್ತದ ಅಂದ್ರ ಸಹಿ ಮಾಡ್ರಿ, ಮಿಯಾ ಸಾಹೇಬರ.”

“ಸಹಿ ಯಾಕ್ರಿ ಭಾಯಿ? ನಾ ಎಲ್ಲಿಗಿ ಓಡಿ ಹೋಗ್ತೇನಿ? ಈ ಗಾಡಿ ತಗೊಂಡು ಓಡಿದರ ನೀವು ನಡಕೊಂತ ಬಂದು ಹಿಡೀತೀರಿ.”

ಇಷ್ಟು ಹೇಳಿ ಅವರು ಮೋಟಾರಿನ ಕೆಳಗೆ ತೂರಿಕೊಂಡರು. ಎರಡು ಕಾಲುಗಳೊಂದಿಗೆ ಕರಾರು ಮಾಡಿಕೊಳ್ಳಲು ಸಾಧ್ಯವಿಲ್ಲದ ಕಾರಣ ನಾನು ಮನೆಗೆ ಬಂದೆ. ಅಪ್ಪ ಎಲ್ಲ ಕೇಳಿ ನಿಟ್ಟುಸಿರಿಟ್ಟರು. “ತಮ್ಮಾ, ಒಂದು ಮಾತು ಹೇಳಿ ಬಂದಿದ್ದರ ಮುಗೀತಿತ್ತು. ನೀ ಅವರಿಗಿ ಕೋರ್ಟಿನ ಕಾಗದ ತೋರಿಸಿ ಬಂದೀದಿ” ಎಂದರು.

ಸಹಿ ಮಾಡದವರನ್ನು ನಂಬಿ ಕೂರುವ ಜಾತಿ ನನ್ನದಲ್ಲ. ಸರಕಾರಿ ಕಚೇರಿಯೊಂದಕ್ಕೆ ಹೋಗಿ, ಜನಸೇವೆಯಲ್ಲಿ ಪ್ರಾಣ ಬಿಟ್ಟ ಶಿಕ್ಷಕರ ಪತ್ನಿಗಾಗಿ ಜೀಪು ಒದಗಿಸಬೇಕೆಂದು ಅರ್ಜಿ ಕೊಟ್ಟೆ. ನಮ್ಮ ಜಿಲ್ಲೆ ಹೈದರಾಬಾದನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಆಗಿನ್ನೂ ಎರಡು ತಿಂಗಳಾಗಿರಲಿಲ್ಲ. ಗುಮಾಸ್ತರು ಅರ್ಜಿಯನ್ನು ಎರಡು ಸಲ ಓದಿ, ಮೆಚ್ಚಿಕೊಂಡು, ಕಿಟಕಿಯಾಚೆ ಕೈ ತೋರಿಸಿದರು. ಹುಣಸೆಮರದ ಕೆಳಗೆ ಜೀಪು ನಿಂತಿತ್ತು. ಚಾಲಕನ ಆಸನದಲ್ಲಿ ಒಂದು ಕೋಳಿ ಕುಳಿತು ಸ್ವತಂತ್ರವಾಗಿ ಆಡಳಿತ ನಡೆಸುತ್ತಿತ್ತು.

“ಜೀಪು ಅದ ನೋಡ್ರಿ. ಆದರ ಇಲ್ಲ” ಎಂದರು ಗುಮಾಸ್ತರು.

“ಹಂಗಂದ್ರ?”

“ಹೈದರಾಬಾದಿನವರು ತಮ್ಮ ಯಾದಿಯಿಂದ ತೆಗದು ಹಾಕ್ಯಾರ್ರಿ. ಮೈಸೂರಿನವರ ಯಾದಿಗಿ ಇನ್ನಾ ಹತ್ತಿಲ್ಲ. ಸದ್ಯಕ್ಕ ಅದು ಯಾವ ರಾಜ್ಯದಾಗೂ ಇಲ್ಲ. ಇಲ್ಲದ ಜೀಪಿಗಿ ನಾ ಹ್ಯಾಂಗ ಹುಕುಂ ಬರೀಲಿ?”

ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ನಾವು ಲಕ್ಷಾಂತರ ಜನ ರಾತ್ರಿ ಮಲಗಿ ಬೆಳಿಗ್ಗೆ ಏಳುವಷ್ಟರಲ್ಲಿ ದಾಟಿಬಿಟ್ಟೆವು; ಒಂದು ಜೀಪಿಗೆ ಮಾತ್ರ ಅದು ಸಾಧ್ಯವಾಗಲಿಲ್ಲ. ಈ ಕುರಿತು ನಾನು ಅಲ್ಲಿಯೇ ಒಂದು ಸಣ್ಣ ಭಾಷಣ ಮಾಡಿದೆ. ಕೋಳಿ ಕೂಡ ಕತ್ತೆತ್ತಿ ನೋಡಿತು. ಗುಮಾಸ್ತರು ಚಹಾ ತರಿಸಿಕೊಟ್ಟರು. ಜೀಪು ಕೊಡಲಿಲ್ಲ.

ಕೊನೆಯ ಪ್ರಯತ್ನವಾಗಿ ಚಿಂತಾಕಿಯ ಶರಣಪ್ಪನವರಿಗೆ ಒಂದು ಕಾರ್ಡು ಬರೆದೆ. ಇವರು ಮಾಸ್ತರರ ಮೊದಲ ಶಿಷ್ಯರು, ಈಗ ಒಕ್ಕಲುತನ ಮಾಡಿಕೊಂಡಿದ್ದಾರೆ. ಮಾಂಜರಾ ನದಿ ದಾಟುವ ಕಡೆ ದಾರಿ ಹೇಗಿದೆ, ಮೋಟಾರು ದಾಟೀತೇ, ತಮ್ಮ ಅಮೂಲ್ಯ ಸಲಹೆ ಬೇಕು, ಇಂಥ ದಿನ ಬರುತ್ತಿದ್ದೇವೆ ಎಂದು ತಿಳಿಸಿದ್ದೆ. ಸಲಹೆ ಬರಲಿಲ್ಲ. ಉತ್ತರವೇ ಬರಲಿಲ್ಲ.

ಹೀಗೆ ಲಿಖಿತ ಭರವಸೆಯ ಒಂದು ಚೂರೂ ಇಲ್ಲದೆ ನಾನು ಹಿಂದಿನ ದಿನ ಭಾಲ್ಕಿಗೆ ಹೋಗಿ ಪರಿಚಿತರ ಮನೆಯಲ್ಲಿ ಉಳಿದೆ. ಬೆಳಿಗ್ಗೆ ಆರೂವರೆಗೆ ನಿಲ್ದಾಣದ ಮುಂಬಾಗಿಲಿನಲ್ಲಿ ನಿಂತೆ. ಎರಡು ಟಾಂಗಾ ಇದ್ದವು, ಒಂದು ನಾಯಿ ಇತ್ತು. ಮೋಟಾರು ಇರಲಿಲ್ಲ. ರೈಲು ಬರುವುದು ಏಳೂವರೆಗೆ. ಏಳರವರೆಗೆ ಕಾದೆ; ಅಷ್ಟು ಹೊತ್ತಿಗೆ ನನ್ನ ರಕ್ತ ಕುದಿಯುತ್ತಿತ್ತು. ಇಡೀ ಸಮುದ್ರ ದಾಟಿ ಬಂದ ಹೆಂಗಸು ನಲವತ್ತು ಮೈಲಿಯ ಮುಂದೆ ಸೋಲಬೇಕೇ? ನೆಟ್ಟಗೆ ತಂತಿ ಕಚೇರಿಗೆ ಹೋಗಿ, ಇನ್ನೂ ತೆರೆಯದ ಬಾಗಿಲನ್ನು ಬಡಿದು, ತಂತಿ ಬಾಬುವನ್ನು ಎಬ್ಬಿಸಿದೆ. ‘ವಾಹನವಿಲ್ಲ. ಜನಸೇವಕ ಶಿಕ್ಷಕರ ವಿಧವೆ ಭಾಲ್ಕಿ ನಿಲ್ದಾಣದಲ್ಲಿ ಅನಾಥರಾಗಿ ನಿಂತಿದ್ದಾರೆ. ಹೊಣೆ ಯಾರು? ತಕ್ಷಣ ಕ್ರಮ ಕೈಗೊಳ್ಳಿ’ ಎಂಬುದು ಆ ಜೀಪಿನ ಕಚೇರಿಯ ಸಾಹೇಬರಿಗೆ ನಾನು ಬರೆದ ತಂತಿಯ ಸಾರಾಂಶ. ಮೂಲ ಇದರ ಆರು ಪಟ್ಟು ಉದ್ದವಿತ್ತು.

ಬಾಬು ಓದಿ ಕಣ್ಣುಜ್ಜಿಕೊಂಡರು. “ರೈಲು ಇನ್ನಾ ಬಂದಿಲ್ಲಲ್ರಿ. ಅಮ್ಮಾ ರೈಲಿನಾಗೇ ಇರಬೇಕಲ್ಲಾ?”

“ಇಳಿದ ಕೂಡ್ಲೆ ಅನಾಥ ಆಗ್ತಾರ. ನೀವು ಬಡೀರಿ.”

“ಬಡೀತೇನ್ರಿ. ಮೊದಲ ಸ್ವಲ್ಪ ಸಣ್ಣದು ಮಾಡಿ ಕೊಡ್ರಿ.”

ಸಣ್ಣದು ಮಾಡುವುದು ಸುಲಭದ ಕೆಲಸವಲ್ಲ. ‘ಘೋರ’ ಎಂಬ ಪದವನ್ನು ತೆಗೆದರೆ ‘ಅಕ್ಷಮ್ಯ’ ಒಂಟಿಯಾಗುತ್ತಿತ್ತು. ಎರಡನ್ನೂ ತೆಗೆದರೆ ನಾನೇ ಒಂಟಿಯಾಗುತ್ತಿದ್ದೆ. ನಾನು ಒಂದೊಂದೇ ವಿಶೇಷಣವನ್ನು ಕರುಳು ಕಿತ್ತಂತೆ ಕಿತ್ತುಹಾಕುತ್ತಿದ್ದಾಗ ರೈಲು ಬಂದ ಸದ್ದಾಯಿತು, ಹೋದ ಸದ್ದೂ ಆಯಿತು. ಸ್ವಲ್ಪ ಹೊತ್ತಿಗೆ ಹೊರಗೆ ಯಾರೋ ಒಂದೇ ಸಮನೆ ಮೋಟಾರಿನ ಹಾರನ್ನು ಒತ್ತತೊಡಗಿದರು. ಆ ಸದ್ದು ಬೀದಿಯಿಂದ ಬೀದಿಗೆ ತಿರುಗಿತು. ‘ನೋಡಿ, ನಾಗರಿಕ ಪ್ರಜ್ಞೆ ಎಂಬುದೇ ಈ ಊರಿನಲ್ಲಿ ಇಲ್ಲ’ ಎಂದು ಬಾಬುವಿಗೆ ಹೇಳಿ ಕಿಟಕಿ ಹಾಕಿಸಿದೆ.

ತಂತಿ ಹೋಯಿತು. ನಾನು ನಿಲ್ದಾಣಕ್ಕೆ ಓಡಿದೆ. ಪ್ಲಾಟ್‌ಫಾರಮ್ಮಿನಲ್ಲಿ ಒಬ್ಬ ಹಮಾಲನ ಹೊರತು ಯಾರೂ ಇರಲಿಲ್ಲ.

“ಓದಿದವರು ಅಂದ್ರ ನೀವೇ ಏನ್ರಿ?” ಎಂದ ಆತ. “ಓದಿದ ತಮ್ಮ ಎಲ್ಲಿಗಿ ಹೋದ ಅಂತ ಅಮ್ಮಾ ಕೇಳಿ ಕೇಳಿ ಸಾಕಾದ್ರು. ಮಿಯಾ ಊರೆಲ್ಲಾ ಭೋಂ ಭೋಂ ಅಂತ ತಿರುಗಿ ಬಂದ್ರು. ಹೊತ್ತಾಗ್ತದ ಅಂತ ಹೋದರ್ರಿ.”

“ಮೋಟಾರು ಎಲ್ಲಿತ್ತು? ಮುಂಬಾಗಿಲಿನಾಗ ಇರಲಿಲ್ಲ.”

“ಗೋದಾಮಿನ ಹಿಂದ ಇತ್ತಲ್ರಿ. ನಿನ್ನಿ ಸಂಜಿಗೇ ಬಂದು ಅದರಾಗೇ ಮಲಗ್ಯಾರ. ನಸುಕಿನಾಗ ಹೊರಟು ದಾರ್‍ಯಾಗ ಟಾಯರ ಹೋದರ ಮಾಸ್ತರ ಸಾಬರಿಗಿ ಏನ ಮಾರಿ ತೋರಿಸ್ಲಿ ಅಂದ್ರು.”

ನಾನು ಬೆಂಚಿನ ಮೇಲೆ ಕುಳಿತೆ. ಹಾರ ನನ್ನ ಜೊತೆಗೇ ಬಾಡಿತು. ಆ ದಿನದ ಪರೀಕ್ಷೆ ಅಷ್ಟಕ್ಕೇ ಮುಗಿಯಲಿಲ್ಲ. ನಡುಮಧ್ಯಾಹ್ನ ನಿಲ್ದಾಣದ ಮುಂಬಾಗಿಲಿನಲ್ಲಿ, ಸರಿಯಾಗಿ ನನ್ನ ಮೂರನೆಯ ಕಲಮಿನಲ್ಲಿ ಸೂಚಿಸಿದ ಜಾಗದಲ್ಲಿ, ಯಾವ ರಾಜ್ಯದಲ್ಲೂ ಇಲ್ಲದ ಆ ಜೀಪು ಬಂದು ನಿಂತಿತು. ಆಸನಕ್ಕೆ ಒಂದೆರಡು ಗರಿ ಇನ್ನೂ ಅಂಟಿಕೊಂಡಿದ್ದವು. ಗುಮಾಸ್ತರು ಇಳಿದು, ಬೆವರೊರೆಸಿಕೊಂಡು, “ಎಲ್ಲಿದಾರ್ರಿ ಅನಾಥ ಅಮ್ಮನವರು?” ಎಂದು ಕೇಳಿದರು.

ನಿಜ ಹೇಳಿದೆ. ಅವರು ಸಿಟ್ಟಾಗಲಿಲ್ಲ, ಸಿಟ್ಟಾಗಿದ್ದರೆ ವಾಸಿಯಿತ್ತು. “ಸಾಹೇಬರು ತಂತಿ ನೋಡಿ ಊಟ ಬಿಟ್ಟು ಎದ್ದಾರ್ರಿ. ಯಾದಿ ಆಮ್ಯಾಲ ನೋಡಮು, ಮಾಸ್ತರ ಮನಿಯವರು ಬಿಸಲಾಗ ನಿಂತಾರ, ಮೊದಲ ಹೋಗು ಅಂದ್ರು” ಎಂದರು. ಹಾಗಾದರೆ ನನ್ನನ್ನಾದರೂ ಚಿಂತಾಕಿಗೆ ಕರೆದುಕೊಂಡು ಹೋಗಿ ಎಂದೆ. ಅವರು ಹುಕುಂ ತೆಗೆದು ನೋಡಿದರು. “ಇದರಾಗ ಅಮ್ಮನವರ ಹೆಸರಷ್ಟೇ ಅದ. ನಿಮ್ಮದು ಇಲ್ರಿ. ಈಗ ಒಂದು ಕೆಲಸ ಮಾಡ್ರಿ. ವಾಹನ ಬಂದಿತ್ತು, ಅಮ್ಮನವರು ಅನಾಥ ಇಲ್ಲ, ತಂತಿ ಕೊಟ್ಟಿದ್ದು ತಪ್ಪಾಗ್ಯದ ಅಂತ ಬರದು ಸಹಿ ಮಾಡಿ ಕೊಡ್ರಿ.” ಆ ಇಡೀ ಪ್ರಕರಣದಲ್ಲಿ ಕಾಗದದ ಮೇಲೆ ಬಿದ್ದ ಸಹಿ ನನ್ನದೊಂದೇ.

ಸಂಜೆ ಇನ್ನೂ ಬಿಸಿಲಿರುವಾಗಲೇ ಹಾರನ್ನು ಕೇಳಿಸಿತು. ಈ ಸಲ ನನಗೆ ಅದು ಸಂಗೀತದಂತಿತ್ತು. ಅತ್ತೆ ಇಳಿದರು, ಸೀರೆಯ ಅಂಚಿನ ತುಂಬ ಮರಳು, ಮುಖದ ತುಂಬ ನಗು. ಮಾಂಜರಾದ ಮರಳಿನಲ್ಲಿ ಮೋಟಾರಿನ ಗಾಲಿ ಹೂತುಹೋಯಿತಂತೆ. ಹೂತುಹೋಗುವ ಮೊದಲೇ ಶರಣಪ್ಪ ಎರಡು ಜೋಡಿ ಎತ್ತು ಹಿಡಿದುಕೊಂಡು ದಡದಲ್ಲಿ ನಿಂತಿದ್ದರಂತೆ, ನಸುಕಿನಿಂದ. ನಾನು ಕೇಳಿದ್ದು ಸಲಹೆ. ಅವರು ತಂದದ್ದು ಎತ್ತು. ಜೊತೆಗೇ ಊರಿಗೆ ಬಂದು, ಹಿಂತಿರುಗುವಾಗಲೂ ನದಿಯಲ್ಲಿ ನಿಂತು ಈಚೆ ದಾಟಿಸಿಕೊಟ್ಟರಂತೆ.

“ಕಲ್ಲು ಹ್ಯಾಂಗದ ಅತ್ತಿ?” ಎಂದು ಕೇಳಿದೆ.

“ಸೀಳಿಲ್ಲೋ” ಎಂದರು. ಸೀರೆಯ ಅಂಚಿನ ಮರಳು ಕೊಡವುತ್ತ ಹೇಳಿದರು: “ಕಲ್ಲಿನ ಮುಂದ ಕೂಡಬೇಕಾದ್ರ ಮಗ್ಗಿ ಹೇಳೇ ಕೂಡಬೇಕಂತ. ಅವರು ಇದ್ದಾಗಿನ ಕಾಯದೆ, ಇನ್ನಾ ನಡಸ್ಯಾರ. ಮೀಸಿ ಬಂದವರು, ಮೊಮ್ಮಕ್ಕಳು ಬಂದವರು, ಎಲ್ಲರೂ ಕೈ ಕಟ್ಟಿ ನಿಂತು ಹೇಳಿದರು. ಮಿಯಾನೂ ಉರ್ದೂದಾಗಿನ ಮಗ್ಗಿ, ಪಹಾಡಾ ಅಂತಾರಲ್ಲಾ, ಅದನ್ನ ಹೇಳೇ ಕೂತರು. ಶರಣಪ್ಪ ಮಾತ್ರ ಹದಿಮೂರೇಳ್ಲೆ ಅಂತ ಅಂದವನೇ ನಿಂತ. ಹುಡುಗ ಇದ್ದಾಗೂ ಅಲ್ಲೇ ನಿಲ್ತಿದ್ದ. ಎಲ್ಲರೂ ನನ್ನ ಮಾರಿ ನೋಡಿದರು. ಆವಾಗೂ ಒಳಗ ರೊಟ್ಟಿ ಬಡಕೊಂತ ನಾನೇ ಹೇಳಿಕೊಡ್ತಿದ್ದೆ, ಅವರಿಗಿ ಕೇಳಿಸಿದ್ರೂ ಕೇಳಿಸಿಲ್ಲ ಅಂತ ಇರ್ತಿದ್ರು. ಇವತ್ತೂ ಹೇಳಿದೆ.”

ರೈಲಿನ ಸೀಟಿ ಕೇಳಿಸಿತು. ನಾನು ಜೇಬಿನಿಂದ ಭಾಷಣವನ್ನು ತೆಗೆದೆ. ಒಂದು ಪುಟವನ್ನಾದರೂ ಅವರಿಗೆ ಓದಿ ತೋರಿಸುವ ಆಸೆಯಿತ್ತು. ಅತ್ತೆ ಹಾಳೆಗಳನ್ನು ನೋಡಿ, “ಇದು ಇರಲಿ. ಹದಿಮೂರೇಳ್ಲೆ ಎಷ್ಟು, ಹೇಳು ನೋಡಮು” ಎಂದರು. ನಾನು ವಿಶ್ವವಿದ್ಯಾಲಯದ ಪದವೀಧರ. ಹತ್ತೇಳು ಎಪ್ಪತ್ತು ಎಂದು ಮನಸ್ಸಿನಲ್ಲಿ ಆರಂಭಿಸುವಷ್ಟರಲ್ಲಿ ರೈಲು ಬಂತು, ಮಹಮೂದ್ ಮಿಯಾ ಗಂಟು ಹತ್ತಿಸಿದರು, ಅತ್ತೆ ಹತ್ತಿದರು, ರೈಲು ಜಗ್ಗಿತು. ಕಿಟಕಿಯಿಂದ ಮುಖ ಹೊರಗೆ ಹಾಕಿ ಅವರು ಕೂಗಿ ಹೇಳಿದರು: “ತೊಂಬತ್ತೊಂದೋ ತಮ್ಮಾ.”

ಆದುದರಿಂದ ಸಂಬಂಧಪಟ್ಟವರಲ್ಲಿ, ವಿಶೇಷವಾಗಿ ಮಹಮೂದ್ ಮಿಯಾ ಅವರಲ್ಲಿ, ಈ ಮೂಲಕ ವಿಧಿವತ್ತಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಎಲ್ಲರೂ ನೋಡಿ ಬಂದ ಕಲ್ಲನ್ನು ಅರ್ಜಿದಾರನಾದ ನಾನೊಬ್ಬನೇ ಇನ್ನೂ ನೋಡಿರುವುದಿಲ್ಲ. ದಯಮಾಡಿ ಮುಂದಿನ ಸಲ ತಮ್ಮ ಮೋಟಾರಿನಲ್ಲಿ ನನಗೊಂದು ಜಾಗ ಕೊಡಬೇಕು. ಹದಿಮೂರರ ಮಗ್ಗಿಯನ್ನು ದಿನಾ ಬೆಳಿಗ್ಗೆ ಒಪ್ಪಿಸುತ್ತಿದ್ದೇನೆ. ಇದಕ್ಕೆ ಅಪ್ಪ ಸಾಕ್ಷಿ. ಹಿಂದಿನ ಹನ್ನೊಂದು ಕಲಮುಗಳನ್ನೂ ಈ ಮೂಲಕ ರದ್ದುಪಡಿಸಿದ್ದೇನೆ. ಈ ಅರಿಕೆಗೆ ತಾವು ಶೀಘ್ರವಾಗಿ ಉತ್ತರ ಕೊಟ್ಟು ಕ್ರಮ ಕೈಗೊಳ್ಳಬೇಕು. ಉತ್ತರ ಕಾಗದದ ಮೇಲೆ ಇರಬೇಕಾದ ಅಗತ್ಯವಿಲ್ಲ. ‘ಆಗ್ತದ ಬಿಡ್ರಿ’ ಎಂದರೆ ಸಾಕು. ಹಿಂದಿನ ಸಂಜೆಯೇ ಬಂದು ಗೋದಾಮಿನ ಹಿಂದೆ ನಿಂತಿರುತ್ತೇನೆ.