ಅಕ್ಕನ ಕೈ ನೆಟ್ಟಗಾದದ್ದು

ಸರ್ಕಾರಿ ಕಾಗದಪತ್ರಗಳ ವಿಷಯದಲ್ಲಿ ನನ್ನನ್ನು ಮೀರಿಸುವವರು ಬಳ್ಳಾರಿಯ ಪಾರ್ವತಿನಗರದಲ್ಲಿ ಯಾರೂ ಇಲ್ಲ. ಈ ಅಭಿಪ್ರಾಯ ನನ್ನದೇ. ಹಾಗಾಗಿ ಕರೂರಿನಲ್ಲಿರುವ ನಮ್ಮ ಈರಮ್ಮಕ್ಕನ ಅಂಗವಿಕಲ ವೇತನದ ಅರ್ಜಿ ತಿರಸ್ಕಾರವಾದಾಗ, ಮೇಲ್ಮನವಿಯ ಸಂಪೂರ್ಣ ಹೊಣೆಯನ್ನು ನಾನೇ ಹೊತ್ತುಕೊಂಡೆ.

ಅಕ್ಕ ಟ್ರ್ಯಾಕ್ಟರಿನಿಂದ ಬಿದ್ದು ಬಲ ಮೊಣಕೈ ಮುರಿದುಕೊಂಡಿದ್ದಳು. ಮೂಳೆ ಸೊಟ್ಟಗೆ ಕೂಡಿಕೊಂಡು, ಕೈ ಮಡಚಿದ್ದು ಮಡಚಿದಂತೆಯೇ ನಿಂತಿತು. ಭತ್ತದ ನಾಟಿಗೆ ಈಗ ಯಾರೂ ಕರೆಯುವುದಿಲ್ಲ. ಆ ವೇತನ ಬಿಟ್ಟರೆ ಅವಳಿಗೆ ಬೇರೆ ಗತಿಯಿಲ್ಲ. ಆದರೆ ಕುರುಗೋಡಿನ ಶಿಬಿರವೊಂದರಲ್ಲಿ ಡಾಕ್ಟರು ಅವಸರದಿಂದ ಗೀಚಿಕೊಟ್ಟ ಚೀಟಿಯಲ್ಲಿ ಇದ್ದದ್ದು ಒಂದೇ ಸಾಲು: ‘ಕೈ ಸ್ವಲ್ಪ ಬಾಗಿದೆ.’ ಯಾವ ಕೈ, ಎಷ್ಟು ಬಾಗಿದೆ, ದೇವರಿಗೇ ಗೊತ್ತು!

“ಇನ್ನೊಬ್ಬ ಡಾಕ್ಟ್ರಿಗೆ ತೋರಿಸಿ ಛಲೋ ಸರ್ಟಿಫಿಕೇಟ್ ಮಾಡಿಸ್ರಿ,” ಎಂದಳು ನನ್ನ ಹೆಂಡತಿ.

“ಅದೆಲ್ಲಾ ಯಾಕಬೇಕು? ಒಂದು ಫೋಟೋ ಇಟ್ರ ಸಾಕು, ಮೇಲ್ಮನವಿ ಕೇಳೋ ಸಾಹೇಬ್ರು ಕಣ್ಣಾರೆ ನೋಡ್ತಾರ!” ಎಂದೆ.

ಸಿರುಗುಪ್ಪದಲ್ಲಿ ಮದುವೆ ಆಲ್ಬಮ್‌ಗಳಿಗೆ ಹೆಸರಾದ ಬಾಷಾನ ಸ್ಟುಡಿಯೋದಲ್ಲಿ ಅಕ್ಕನನ್ನು ನಿಲ್ಲಿಸಿ ಫೋಟೋ ತೆಗೆಸಿದೆ. ವಿಚಾರಣೆಯ ದಿನ ಬೆಳಿಗ್ಗೆ, ಬಾಷಾ ಅಂಟಿಸಿದ ಲಕೋಟೆ ಅಕ್ಕನ ಜೊತೆಯಲ್ಲೇ ಬಸ್ಸಿನಲ್ಲಿ ಬಳ್ಳಾರಿಗೆ ಬಂತು.

“ಒಂದ್ಸಲ ತಗದು ನೋಡ್ರಿ,” ಎಂದಳು ಹೆಂಡತಿ.

“ಸಾಕ್ಷ್ಯದ ಲಕೋಟಿ ಸಾಹೇಬ್ರೇ ಒಡೀಬೇಕು!”

ಸಾಹೇಬರು ಒಡೆದರು. ಫೋಟೋ ನೋಡಿದರು. ಅಕ್ಕನನ್ನು ನೋಡಿದರು. ಮತ್ತೆ ಫೋಟೋ ನೋಡಿದರು.

“ಇವರಿಗೆ ಆಪರೇಷನ್ ಆಗೇತೇನ್ರಿ?”

ಇಣುಕಿದೆ. ಗುಲಾಬಿ ತೋಟದ ಮುಂದೆ ಅಕ್ಕ ಬೆಳ್ಳಗೆ ನಿಂತಿದ್ದಾಳೆ. ಮುಖದಲ್ಲಿ ಒಂದು ಸುಕ್ಕಿಲ್ಲ. ಎರಡೂ ಕೈ ನೆಟ್ಟಗೆ!

ಹೊರಗೆ ಓಡಿ ಬಾಷಾನಿಗೆ ಫೋನ್ ಮಾಡಿದೆ.

“ನಾವು ಯಾವ ಫೋಟೋನೂ ಇದ್ದಂಗ ಕೊಡಂಗಿಲ್ಲ ಸಾರ್. ಹೆಣ್ಣು ತೋರ್ಸೋ ಫೋಟೋದಾಗ ಮೆಳ್ಳಗಣ್ಣೂ ಸರಿ ಮಾಡ್ತೀವಿ. ಅಮ್ಮನ ಕೈ ನೋಡಿ ಪಾಪ ಅನಿಸ್ತು, ಅದಕ್ಕ ಮಾಡಿಬಿಟ್ಟೆ. ಅಮ್ಮ ಖುಷಿ ಆದ್ರಾ ಸಾರ್?”

ನನ್ನ ಜಾಣತನದಿಂದ ಅಕ್ಕನ ಅನ್ನಕ್ಕೇ ಕಲ್ಲು ಬಿತ್ತಲ್ಲ ಎಂದು ನಾಚಿಕೆಯಾಯಿತು. ತಲೆ ತಗ್ಗಿಸಿ ಒಳಗೆ ಬಂದು ನಡೆದದ್ದನ್ನು ಹೇಳಿದೆ. ಸಾಹೇಬರು ನಗು ತಡೆದುಕೊಂಡು ಚೀಟಿಯನ್ನೂ ಫೋಟೋವನ್ನೂ ಪಕ್ಕಕ್ಕೆ ಸರಿಸಿದರು.

“ಇವೆರಡೂ ನಡಿಯಂಗಿಲ್ಲ. ದೊಡ್ಡಾಸ್ಪತ್ರಿ ಮೂಳಿ ಡಾಕ್ಟ್ರು ಕೈ ಅಳತಿ ಮಾಡಿ ಬರೀಲಿ, ಆಮ್ಯಾಲೆ ತೀರ್ಮಾನ ಮಾಡೋಣ. ಇವರ ಜೋಡಿ ಯಾರು ಹೋಗ್ತೀರಿ?”

ಇನ್ನೂ ಅವಕಾಶವಿದೆ ಎಂದು ಹೋದ ಜೀವ ಬಂದಂತಾಯಿತು. ಥಟ್ಟನೆ ಕೈ ಎತ್ತಿದೆ. ಅಕ್ಕ ತನ್ನ ಸೊಟ್ಟ ಕೈಯಿಂದಲೇ ಅದನ್ನು ಕೆಳಕ್ಕೆ ತಳ್ಳಿದಳು.

“ಲೇ ತಮ್ಮಾ, ನೀ ಸುಮ್ನಿರು! ನಾನೊಬ್ಬಾಕಿನೇ ಹೋಗ್ತೀನ್ರಿ ಸಾಹೇಬ್ರೇ. ಡಾಕ್ಟ್ರು ನೋಡೋತನಕನಾರ ಕೈ ಸೊಟ್ಟ ಇರ್ಲಿ!”

ಈ ಆದೇಶದ ವಿರುದ್ಧ ಮೇಲ್ಮನವಿಗೆ ಅವಕಾಶವಿರಲಿಲ್ಲ.