ಯುದ್ಧವಿಮಾನವೂ ರಂಬುಟಾನ್ ಕಾವಲೂ

ಮನೆಗೊಂದು ಬಕೆಟ್ ಕೊಳ್ಳಬೇಕಾದರೂ ನಾನು ಹೆಂಡತಿಯ ಮುಖ ನೋಡುವವನು. ಆದರೆ ನಮ್ಮ ವಾಯುಪಡೆ ಯಾವ ಯುದ್ಧವಿಮಾನ ಕೊಳ್ಳಬೇಕು ಎಂದು ಕೇಳಿ, ಯಾರ ಮುಖವನ್ನೂ ನೋಡದೆ ಹೇಳಿಬಿಡುತ್ತೇನೆ. ಐವರ್ನಾಡಿನಂಥ ಹಳ್ಳಿಯಲ್ಲಿ ಕೂತು ಇಂಥದ್ದನ್ನು ತೀರ್ಮಾನಿಸುವುದರಲ್ಲಿ ಒಂದು ಸುಖವಿದೆ. ತಪ್ಪಿದರೆ ಯಾರೂ ಬಂದು ಕೇಳುವುದಿಲ್ಲ. ಪಕ್ಕದ ಮನೆಯ ಕುಶಾಲಪ್ಪಣ್ಣನಿಗೂ ಇದೇ ಚಟ. ನಾನು ಮೊಬೈಲಿನಲ್ಲಿ ಓದಿ ಮಾತಾಡುವವನು, ಅವರು ಜೀಪು ಓಡಿಸಿದ ಅನುಭವದಿಂದ ಮಾತಾಡುವವರು.

ಆ ಭಾನುವಾರ ಮಾತ್ರ ನನಗೆ ಬೇರೆ ಕೆಲಸವಿತ್ತು. ನನ್ನ ಹೆಂಡತಿ ಕಮಲ ಬೀಜ ಹಾಕಿ ಬೆಳೆಸಿದ ರಂಬುಟಾನ್ ಮರವೊಂದು ಅಂಗಳದ ಬದಿಯಲ್ಲಿದೆ. ನೆಲ್ಯಾಡಿಯಲ್ಲಿರುವ ಅವಳ ಅಕ್ಕ ಬಂದಾಗಲೆಲ್ಲ, "ಅದು ಗಂಡು ಮರ ಮಾರಾಯ್ತಿ, ಹಣ್ಣು ಬಿಡುದಿಲ್ಲ. ಕಡಿದು ಬಾಳೆ ನೆಡು" ಎನ್ನುತ್ತಿದ್ದರು. ಕಮಲ ಹೂಂ ಎನ್ನುತ್ತಿದ್ದಳು, ಕಡಿಯುತ್ತಿರಲಿಲ್ಲ. ಈ ವರ್ಷ ಮರ ಗೊಂಚಲು ಗೊಂಚಲಾಗಿ ಕೆಂಪಾಯಿತು. ಅವಳು ಒಂದು ಹಣ್ಣನ್ನೂ ಕೊಯ್ಯಲು ಬಿಡದೆ ಅಕ್ಕನನ್ನು ಊಟಕ್ಕೆ ಕರೆದಳು. ಹಣ್ಣನ್ನು ಮರದಲ್ಲಿಯೇ ತೋರಿಸಬೇಕಂತೆ. ನಮ್ಮಲ್ಲಿ ಮಂಗಗಳ ಕಾಟ ಇರುವುದರಿಂದ ನನ್ನ ಕೈಗೆ ಹಳೆಯ ಎಣ್ಣೆ ಡಬ್ಬವನ್ನೂ ಒಂದು ಕೋಲನ್ನೂ ಕೊಟ್ಟು, "ಅಕ್ಕ ಬರುವವರೆಗೆ ಕಣ್ಣು ತೆಗೀಬೇಡಿ. ನನ್ನ ಮರ್ಯಾದೆ ಉಂಟು ಆ ಮರದಲ್ಲಿ" ಎಂದು ಅಡುಗೆಮನೆಗೆ ಹೋದಳು.

ನಾನು ಮರಕ್ಕೆ ಎದುರಾಗಿಯೇ ಕೂತೆ, ಸುಳ್ಳು ಹೇಳುವುದಿಲ್ಲ. ಆಗ ಕುಶಾಲಪ್ಪಣ್ಣ ಬಂದು, "ಫ್ರಾನ್ಸಿನದ್ದಾ, ರಷ್ಯಾದ್ದಾ? ಎಂತ ಆಯ್ತು?" ಎಂದರು. ಅಮೆರಿಕದ್ದನ್ನು ಬಿಟ್ಟರಲ್ಲ ಎಂದು ನನಗೆ ತಡೆಯಲಾಗಲಿಲ್ಲ. ಅದರ ವೀಡಿಯೊ ತೋರಿಸೋಣವೆಂದರೆ ನಮ್ಮ ಮನೆಯಲ್ಲಿ ರೇಂಜ್ ಸಿಗುವುದು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಮಾತ್ರ. ಇಬ್ಬರೂ ಆ ಕಲ್ಲಿನ ಮೇಲೆ ಕೂತೆವು. ಮರ ಬೆನ್ನ ಹಿಂದೆ ಉಳಿಯಿತು.

"ಇದು ರಾಡಾರಿಗೇ ಕಾಣುವುದಿಲ್ಲ" ಎಂದೆ.

"ಕಾಣುದಿಲ್ಲವಾದರೆ ಕಳೆದುಹೋದದ್ದು ಗೊತ್ತಾಗುದು ಹೇಗೆ?" ಎಂದರು ಕುಶಾಲಪ್ಪಣ್ಣ. "ಅದು ಬಿಡಿ. ಸ್ಪೇರ್ ಪಾರ್ಟ್ ಎಲ್ಲಿ ಸಿಗ್ತದೆ? ನನ್ನ ಜೀಪಿನ ಒಂದು ಸಾಮಾನು ಪುತ್ತೂರಿನಲ್ಲಿ ಸಿಗದೆ ಒಂದು ಮಳೆಗಾಲ ಇಡೀ ಅದು ಶೆಡ್ಡಿನಲ್ಲೇ ಇತ್ತು. ಹಾಗೆ ನೋಡಿದರೆ ನಮ್ಮ ದೇಶದ್ದೇ ಒಳ್ಳೆಯದು."

"ನಮ್ಮದು ಬೇಕಾದಾಗ ಕೈಗೆ ಸಿಗಬೇಕಲ್ಲ" ಎಂದೆ. ಮಾತು ಎಂಜಿನ್ನಿಗೆ ಹೋಯಿತು, ಅಲ್ಲಿಂದ ಮೈಲೇಜಿಗೆ. ಫ್ರಾನ್ಸಿನ ರಾಡಾರು ಗುಡ್ಡ ದಾಟಿ ಎಷ್ಟೋ ದೂರದ ಶತ್ರುವನ್ನು ಗುರುತಿಸುವ ಬಗೆಯನ್ನು ನಾನು ಕೋಲಿನಿಂದ ನೆಲದಲ್ಲಿ ಗೀರಿ ವಿವರಿಸುತ್ತಿದ್ದಾಗ ಹಿಂದಿನಿಂದ ಏನೋ ಹಾರಿ ಬಂದು ತಲೆಯ ಮೇಲೆ ಬಿತ್ತು. ರಂಬುಟಾನ್ ಸಿಪ್ಪೆ. ತಿರುಗಿ ನೋಡಿದರೆ ಇಡೀ ಹಿಂಡು ಊಟ ಮುಗಿಸಿ ಏಳುವ ಹೊತ್ತಾಗಿತ್ತು. ಬೇರೆ ದಿನ ಊರು ಕೇಳುವಂತೆ ಕಿರುಚುವ ಪ್ರಾಣಿಗಳು ಅಂದು ಒಂದು ಶಬ್ದವನ್ನೂ ಮಾಡಿರಲಿಲ್ಲ. ನಾನು ಡಬ್ಬ ಬಡಿದೆ. ಆ ಸದ್ದಿಗೆ ಓಡಿ ಬಂದವಳು ಕಮಲ. ಅವಳ ಮುಖ ನೋಡಿ ನನಗೆ ನಿಜಕ್ಕೂ ಸಂಕಟವಾಯಿತು.

ಅಷ್ಟರಲ್ಲಿ ಗೇಟಿನ ಬಳಿ ಅಕ್ಕನ ಆಟೊ ನಿಂತಿತು. ಅವರು ಬೋಳು ಮರವನ್ನೂ ನೆಲದ ತುಂಬ ಬಿದ್ದ ಸಿಪ್ಪೆಯನ್ನೂ ನೋಡಿ, "ಹಣ್ಣು ಆದದ್ದು ಹೌದು ಮಾರಾಯ್ತಿ" ಎಂದು ಸೋಲೊಪ್ಪಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ಮಂಗ ಬರುವಾಗ ನೀವು ಎಂತ ಮಾಡ್ತಾ ಇದ್ದದ್ದು?" ಎಂದರು.

"ವಾಯುಪಡೆಗೆ ವಿಮಾನ ನೋಡ್ತಾ ಇದ್ದೆವು" ಎಂದರು ಕುಶಾಲಪ್ಪಣ್ಣ, ನನ್ನನ್ನು ಕಾಪಾಡುವ ಉದ್ದೇಶದಿಂದಲೇ.

ಕಮಲ ಸಿಪ್ಪೆ ಗುಡಿಸುತ್ತಾ ತಲೆ ಎತ್ತದೆ ಹೇಳಿದಳು: "ಯಾವುದಾದರೂ ಆಗ್ತದೆ ಅಕ್ಕ. ಇವರನ್ನು ಅದರಲ್ಲಿ ಕೂರಿಸದಿದ್ದರೆ ಸಾಕು."

ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ನಾವಿಬ್ಬರು ಇಷ್ಟು ಕಾಲ ಚರ್ಚಿಸಿದರೂ ವಾಯುಪಡೆಗೆ ನಿಜವಾಗಿ ಉಪಯೋಗಕ್ಕೆ ಬರುವ ಸಲಹೆ ಅದೊಂದೇ.